ಕಂದು ಪಾಚಿ ಮತ್ತು ಗಿರಣಿಯಣ್ಣನ ಮೂಗು

ಲೋಕದಲ್ಲಿ ಮೂಗುಗಳಿಗೆ ಬರವಿಲ್ಲ. ಆದರೆ ಅವುಗಳಲ್ಲಿ ಬಹುಪಾಲು ಕನ್ನಡಕ ಹೊರುವುದರಲ್ಲಿ, ಶೀತವಾದಾಗ ಸೋರುವುದರಲ್ಲಿ, ಪಕ್ಕದ ಮನೆಯ ವಿಚಾರಕ್ಕೆ ತೂರುವುದರಲ್ಲಿ ಆಯುಷ್ಯ ಕಳೆದು ಹೆಸರಿಲ್ಲದೆ ಹೋಗುತ್ತವೆ. ಗಿರಣಿಯಣ್ಣನ ಮೂಗು ಆ ಸಾಮಾನ್ಯ ವಂಶದ್ದಲ್ಲ. ಅದು ಮೂವತ್ತೊಂದು ವರ್ಷ ಒಂದು ಸಂಶೋಧನಾ ಕೇಂದ್ರವನ್ನು ಆಳಿತು. ವಿಜ್ಞಾನಿಗಳು ಬಂದರು, ಹೋದರು. ನಿರ್ದೇಶಕರು ಬಂದರು, ಭಾವಚಿತ್ರಗಳಾಗಿ ಗೋಡೆ ಹತ್ತಿದರು. ಮೂಗು ಮಾತ್ರ ತನ್ನ ಸಿಂಹಾಸನದಲ್ಲಿ, ಅಂದರೆ ಗಿರಣಿಯಣ್ಣನ ಎರಡು ಬಾಡಿದ ಕೆನ್ನೆಗಳ ನಡುವೆ, ಅಲುಗದೆ ಕೂತಿತ್ತು.

ಅದರ ಮಹಿಮೆ ಇಷ್ಟೇ: ಅದು ಸೀನುತ್ತಿತ್ತು.

ಇದೇನು ದೊಡ್ಡ ವಿಷಯ ಎಂದು ಮೂಗು ಮುರಿಯುವವರು ಸ್ವಲ್ಪ ತಾಳಬೇಕು. ಆ ಕೇಂದ್ರದವರು ಕಂದು ಕಡಲಪಾಚಿಯ ಮೇಲೆ ಕೆಲಸ ಮಾಡುವವರು. ಸಮುದ್ರದ ಬಂಡೆಗೆ ಅಂಟಿಕೊಂಡು ಸೊಂಟದ ಬೆಲ್ಟಿನ ಹಾಗೆ ಉದ್ದುದ್ದ ಬೆಳೆಯುವ, ಹಿಡಿದರೆ ಕೈಯಿಂದ ಜಾರುವ ವಸ್ತು ಅದು. ವಾರಕ್ಕೆರಡು ಸಲ ಲಾರಿಯಲ್ಲಿ ಬರುತ್ತದೆ. ತೊಳೆಯುವಮ್ಮ ಅದನ್ನು ಮೂರು ತೊಟ್ಟಿಗಳಲ್ಲಿ ಅದ್ದಿ, ಮರಳು, ಚಿಪ್ಪಿನ ಚೂರು, ದಾರಿ ತಪ್ಪಿ ಬಂದ ಏಡಿಮರಿ ಎಲ್ಲವನ್ನೂ ತೆಗೆದು, ಬಲೆಯ ಮಂಚಗಳ ಮೇಲೆ ಹರವುತ್ತಾಳೆ. ಒಣಗಿದ್ದನ್ನು ಗಿರಣಿಯಣ್ಣ ಹಿತ್ತಲಿನ ತಗಡಿನ ಷೆಡ್ಡಿನಲ್ಲಿ ಪುಡಿ ಮಾಡುತ್ತಾನೆ. ಪುಡಿ ಒಂದು ಸಣ್ಣ ಕಿಟಕಿಯ ಮೂಲಕ ಒಳಗಿನ ಕಟ್ಟಡಕ್ಕೆ ಹೋಗುತ್ತದೆ. ಕಿಟಕಿಯಾಚೆ ಅದಕ್ಕೇನಾಗುತ್ತದೆ ಎಂಬುದು ಬಿಳಿ ಕೋಟಿನವರಿಗೆ ಸೇರಿದ್ದು. ಷೆಡ್ಡಿನವರಿಗೆ ಅದರ ಗೊಡವೆಯಿಲ್ಲ.

ಪಾಚಿ ಸ್ವಲ್ಪ ಹಸಿಯಿದ್ದರೂ ಗಿರಣಿಯ ಹಲ್ಲಿಗೆ ಅಂಟಿ, ಗೊರಗೊರ ಎಂದು ಮಷೀನೇ ನಿಂತುಬಿಡುತ್ತದೆ. ಆದ್ದರಿಂದ ಗಿರಣಿಯಣ್ಣ ಪ್ರತಿ ಚೀಲದ ಬಾಯಿ ಬಿಚ್ಚಿ, ಒಂದು ಹಿಡಿ ತೆಗೆದು, ಅಂಗೈಯಲ್ಲಿ ನುರಿದು, ಮೂಗಿನ ಹತ್ತಿರ ತರುತ್ತಾನೆ. ಮೂರು ಸೀನು ಬಂದರೆ ಚೀಲ ಗಿರಣಿಗೆ. ಎರಡು ಬಂದರೆ ಇನ್ನೂ ಅರ್ಧ ದಿನ ಬಿಸಿಲಿಗೆ. ಒಂದೇ ಬಂದರೆ ವಾಪಸ್ಸು ಮಂಚಕ್ಕೆ. ಮೂಗು ಸುಮ್ಮನಿದ್ದರೆ ಆ ಚೀಲದಲ್ಲಿರುವುದು ಪಾಚಿಯೇ ಅಲ್ಲ ಎಂದು ತೀರ್ಮಾನ. ಒಂದು ಸಲ ಹಾಗೆಯೇ ಆಯಿತು. ಮೂಗು ಮೌನ ತಾಳಿದ ಚೀಲವನ್ನು ಸುರಿದು ನೋಡಿದರೆ ಯಾವುದೋ ಮರದ ಹಳೆಯ ತೊಗಟೆ.

ಧೂಳಿಗೆ ಮಾಸ್ಕ್ ಕಟ್ಟಿಕೊಳ್ಳಬೇಕೆಂದು ಗೋಡೆಯ ಮೇಲೆ ಬೋರ್ಡಿತ್ತು. ಮೂಗು ಮುಚ್ಚಿದರೆ ಕೇಂದ್ರವೇ ಮುಚ್ಚಿದಂತೆ ಎಂದು ಯಾರೂ ಒತ್ತಾಯ ಮಾಡಲಿಲ್ಲ.

ಒಮ್ಮೆ ಪರದೇಶದಿಂದ ತೇವಾಂಶ ಅಳೆಯುವ ಮೀಟರು ಬಂತು. ಅದು ವಿಮಾನದಲ್ಲಿ ಬಂದದ್ದು. ಮೂಗು ದಿನವೂ ಸೈಕಲ್ಲಿನಲ್ಲಿ ಬರುವಂಥದ್ದು. ಎರಡಕ್ಕೂ ಒಂದು ಬೆಳಿಗ್ಗೆ ಎಲ್ಲರೆದುರು ಸೆಣಸಾಟವಾಯಿತು. ಮೀಟರು ಚೀಲ ಒಣಗಿದೆ ಎಂದಿತು. ಮೂಗು ಎರಡೇ ಸೀನಿ ನಿಂತಿತು. ಮೀಟರಿನ ಮಾತು ಕೇಳಿ ಗಿರಣಿಗೆ ಹಾಕಿದರು. ಗಿರಣಿ ಕಟ್ಟಿಕೊಂಡು ಮೂರು ದಿನ ಕೆಲಸ ನಿಂತಿತು. ಮೀಟರನ್ನು ರಿಪೇರಿಗೆ ಕಳಿಸಿದರು. ಅಂದಿನಿಂದ ಹೊಸಬರು ಯಾರೇ ಬರಲಿ, ಮೊದಲು ಈ ಕಥೆ ಹೇಳಿ ಆಮೇಲೆ ಬಾತ್‌ರೂಮ್ ಎಲ್ಲಿದೆ ಅಂತ ತೋರಿಸುವುದು ಅಲ್ಲಿಯ ರೂಢಿಯಾಯಿತು.

"ನಿನ್ನ ಮೂಗಿಗೆ ಒಂದು ಪ್ರತ್ಯೇಕ ಕುರ್ಚಿ ಹಾಕಿಸ್ಬೇಕು ಕಣಣ್ಣ," ಎನ್ನುತ್ತಿದ್ದಳು ತೊಳೆಯುವಮ್ಮ.

"ನನ್ನ ಸೊಂಟಕ್ಕೆ ಮೊದ್ಲು ಹಾಕಿಸಿ," ಎನ್ನುತ್ತಿದ್ದ ಗಿರಣಿಯಣ್ಣ.

ಕೀರ್ತಿ ಮೂಗಿನದು, ಆಯಾಸ ಉಳಿದ ದೇಹದ್ದು. ಐವತ್ತೆಂಟು ವಯಸ್ಸು. ಗಿರಣಿ ನಿಂತ ಮೇಲೂ ಕಿವಿಯೊಳಗೆ ಅದು ತಿರುಗುತ್ತಲೇ ಇರುತ್ತಿತ್ತು. ಚೀಲ ಎತ್ತೆತ್ತಿ ಬಲಭುಜ ಎಡಭುಜಕ್ಕಿಂತ ಎರಡು ಬೆರಳು ಕೆಳಗಿಳಿದಿತ್ತು. ಅಂಗಿ ಹೊಲಿಯುವ ದರ್ಜಿ ಅಳತೆ ತಪ್ಪಿತೆಂದು ಎರಡೆರಡು ಸಲ ಟೇಪು ಹಿಡಿಯುತ್ತಿದ್ದ. ಸಂಜೆ ಮನೆಗೆ ಬಂದರೆ ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತು, ಬೂಟು ಬಿಚ್ಚುವ ಮೊದಲು ಹತ್ತು ನಿಮಿಷ ಬೂಟನ್ನೇ ನೋಡುತ್ತಿದ್ದ. ಅದು ತಾನಾಗಿಯೇ ಬಿಚ್ಚಿಕೊಳ್ಳಬಹುದೇನೋ ಎಂಬ ಆಸೆ.

ಮನೆ ಮೂರನೇ ಮಹಡಿಯಲ್ಲಿ. ಐವತ್ತನಾಲ್ಕು ಮೆಟ್ಟಿಲು. ಮನೆಯಲ್ಲಿ ಇರುವವರು ಇಬ್ಬರೇ, ಅವನು ಮತ್ತು ಅಕ್ಕ. ಅವನಿಗೆ ಆರು, ಅವಳಿಗೆ ಹದಿನೈದು ಇದ್ದಾಗ ತಾಯಿ ಹೋದಳು. ಅಂದಿನಿಂದ ಅಕ್ಕನೇ ತಾಯಿ, ಅಕ್ಕನೇ ಪೊಲೀಸು. ಅವಳು ಮದುವೆಯಾಗಿ ಹೋದಳು, ಇವನೂ ಮದುವೆಯಾದ. ಭಾವ ತೀರಿಕೊಂಡ, ಇವನ ಹೆಂಡತಿಯೂ ತೀರಿಕೊಂಡಳು. ಅಕ್ಕ ಒಂದು ಟ್ರಂಕು, ಒಂದು ದಿಂಬು ತಗೊಂಡು ಬಂದು, "ಇನ್ನೇನು, ಶುರುವಾದಲ್ಲಿಗೇ ಬಂದ್ವಲ್ಲ," ಎಂದು ಅಡುಗೆಮನೆ ವಶಪಡಿಸಿಕೊಂಡಳು.

ಅಕ್ಕನ ರಾಜಧಾನಿ ಮಾತ್ರ ಕೆಳಗಿತ್ತು. ಗೇಟಿನ ಪಕ್ಕ ಒಂದು ಸಿಮೆಂಟಿನ ಬೆಂಚು. ಸಂಜೆಯಾದರೆ ಕಟ್ಟಡದ ಹೆಂಗಸರೆಲ್ಲ ಅಲ್ಲಿ ಸೇರುತ್ತಿದ್ದರು. ಯಾರ ಮನೆಯ ನಲ್ಲಿ ಸೋರುತ್ತಿದೆ, ಯಾರ ಅಳಿಯ ಕೆಲಸ ಬಿಟ್ಟ, ಯಾರು ಹೊಸ ಸೋಫಾ ತಂದು ಹಳೆಯದೆಂದು ಹೇಳುತ್ತಿದ್ದಾರೆ, ಎಲ್ಲ ಅಲ್ಲಿ ಇತ್ಯರ್ಥವಾಗುತ್ತಿತ್ತು. ಬೆಂಚಿನ ಎಡತುದಿ ಅಕ್ಕನದು. ಅಲ್ಲಿ ಬೇರೆ ಯಾರೂ ಕೂರುತ್ತಿರಲಿಲ್ಲ. ಆಮೇಲೆ ಮಂಡಿ ಊದಿಕೊಂಡವು. ಎಂಟು ತಿಂಗಳು ಅಕ್ಕ ಮೆಟ್ಟಿಲಿಳಿಯಲಿಲ್ಲ. ಬಾಲ್ಕನಿಯಲ್ಲಿ ನಿಂತು ಬಗ್ಗಿ ನೋಡುವಳು. ಕೆಳಗಿನವರು ಅರ್ಧ ಸುದ್ದಿಯನ್ನು ಕೂಗಿ ಹೇಳುವರು, ಉಳಿದರ್ಧ ಕೂಗಿ ಹೇಳುವಂಥದ್ದಾಗಿರುತ್ತಿರಲಿಲ್ಲ. ಒಂದು ಸಂಜೆ ಬೆಂಚಿನ ಎಡತುದಿಯಲ್ಲಿ ಎರಡನೇ ಮಹಡಿಯ ಹೊಸ ಸೊಸೆ ಕೂತದ್ದನ್ನು ಕಂಡು ಅಕ್ಕ ಒಳಗೆ ಬಂದು ಮಲಗಿಬಿಟ್ಟಳು. ಊಟಕ್ಕೂ ಏಳಲಿಲ್ಲ.

ಕೇಂದ್ರದಲ್ಲಿ ಮಂಡಿನೋವಿನವರ ಮೇಲೆ ಪ್ರಯೋಗ ಎಂಬ ಸುದ್ದಿ ಬಂದದ್ದು ಆ ವಾರ.

ಪ್ರಯೋಗ ನಡೆಸುತ್ತಿದ್ದವರು ಷೆಡ್ಡಿನವರ ಬಾಯಲ್ಲಿ ಬಹುದು ಮೇಡಂ. ಮೂವತ್ತು ವರ್ಷ ಪಾಚಿ ಓದಿದ ಆಕೆ ಒಂದು ಮಾತನ್ನೂ ಖಚಿತವಾಗಿ ಹೇಳಿದವರಲ್ಲ. ಟೀ ಕುಡೀತೀರಾ ಎಂದರೂ ಕುಡಿಯಬಹುದು ಎನ್ನುತ್ತಿದ್ದರು. ಗಿರಣಿಯಣ್ಣ ಅಕ್ಕನನ್ನು ಕುರ್ಚಿಯಲ್ಲಿ ಕೂರಿಸಿ, ಪಕ್ಕದ ಮನೆಯವರ ಕೈ ಹಿಡಿಸಿ ಕೆಳಗಿಳಿಸಿ, ಆಟೋದಲ್ಲಿ ಕರೆದುಕೊಂಡು ಹೋದಾಗ ಮೇಡಂ ಸಮಾಧಾನವಾಗಿ ವಿವರಿಸಿದರು.

"ನೀರಿಳಿದಾಗ ಪಾಚಿ ಬಂಡೆ ಮೇಲೆ ಬಿಸಿಲಿಗೆ ಬೀಳುತ್ತೆ. ಒಣಗಿ ಸಾಯದ ಹಾಗೆ ಅದನ್ನ ಕಾಪಾಡೋದು ಅದರ ಲೋಳೆ. ಆ ಲೋಳೆಯಲ್ಲಿ ಫ್ಯೂಕಾಯ್ಡನ್ ಅಂತ ಒಂದು ಬಗೆಯ ಸಕ್ಕರೆ ಇದೆ. ಸಿಹಿ ಅಲ್ಲ, ಜಾತಿಯಲ್ಲಿ ಮಾತ್ರ ಸಕ್ಕರೆ. ಅದು ಊತ ಇಳಿಸಬಹುದು. ಗಾಜಿನ ತಟ್ಟೇಲಿ ಬೆಳೆಸಿದ ಜೀವಕೋಶಗಳಲ್ಲಿ ಇಳಿಸಿದೆ. ಇಲಿಗಳಲ್ಲಿ ಇಳಿಸಿದ ಹಾಗೆ ಕಾಣುತ್ತೆ. ಮನುಷ್ಯರಲ್ಲಿ ಗೊತ್ತಿಲ್ಲ. ಇಳಿಸಬಹುದು."

"ಇಲಿಗೂ ಮಂಡಿನೋವು ಬರುತ್ತಾ ಮೇಡಂ?" ಎಂದಳು ಅಕ್ಕ.

"ನಾವೇ ಬರಿಸ್ತೀವಿ."

"ಅಯ್ಯೋ ಪಾಪ," ಎಂದು ಅಕ್ಕ ಸಹಿ ಹಾಕಿದಳು.

ನಿಯಮಗಳನ್ನು ಓದಿ ಹೇಳಿದ್ದು ಲಕೋಟೆ ನರ್ಸ್. ಎಂಬತ್ತು ಜನ, ಹನ್ನೆರಡು ವಾರ, ದಿನಕ್ಕೆ ಎರಡು ಕ್ಯಾಪ್ಸೂಲು. ನಲವತ್ತು ಜನರ ಕ್ಯಾಪ್ಸೂಲಿನಲ್ಲಿ ಪಾಚಿಯ ಸಾರ, ನಲವತ್ತು ಜನರದ್ದರಲ್ಲಿ ಅದೇ ಬಣ್ಣ ಕಟ್ಟಿದ ಬರೀ ಹಿಟ್ಟು. ಯಾರಿಗೆ ಯಾವುದು ಎಂಬ ಪಟ್ಟಿ ಮೊಹರು ಮಾಡಿದ ಲಕೋಟೆಯಲ್ಲಿ, ಲಕೋಟೆ ಕಬ್ಬಿಣದ ಬೀರುವಿನಲ್ಲಿ, ಬೀರುವಿನ ಕೀ ನರ್ಸಿನ ಕೊರಳಲ್ಲಿ. ಮೇಡಂಗೂ ಗೊತ್ತಿರಬಾರದು, ಅಕ್ಕನಿಗೂ ಗೊತ್ತಿರಬಾರದು. ಈಗ ತಗೊಳ್ಳುತ್ತಿರುವ ಯಾವ ಔಷಧಿಯನ್ನೂ ನಿಲ್ಲಿಸಬಾರದು. ಅಕ್ಕನಿಗೆ ಹತ್ತು ವರ್ಷದಿಂದ ರಕ್ತದೊತ್ತಡದ ಮಾತ್ರೆಯಿತ್ತು. ನರ್ಸ್ ಅದನ್ನು ಕೆಂಪಿಂಕಿನಲ್ಲಿ ಬರೆದುಕೊಂಡಳು.

"ನೀವು ಇಲ್ಲೇ ಕೆಲ್ಸ ಮಾಡೋರು," ಎಂದು ಆಕೆ ಗಿರಣಿಯಣ್ಣನ ಕಡೆ ತಿರುಗಿದಳು. "ಅರೆಯೋ ಕೆಲ್ಸ ಆದ್ರಿಂದ ತೊಂದ್ರೆ ಇಲ್ಲ. ಆದ್ರೆ ಏನಾದ್ರೂ ಗೊತ್ತಾದ್ರೆ ಬಾಯಿ ಮುಚ್ಕೊಂಡು ನೇರ ನನ್ನ ಹತ್ರ ಬರ್ಬೇಕು. ಅಕ್ಕನ ಹತ್ರ ಅಲ್ಲ."

"ನಂಗೇನು ಗೊತ್ತಾಗುತ್ತಮ್ಮ," ಎಂದು ಅವನೂ ಸಹಿ ಹಾಕಿದ.

ನಾಲ್ಕನೇ ವಾರ ಅಕ್ಕ ಗೋಡೆ ಹಿಡಿಯದೆ ಅಡುಗೆಮನೆಯಿಂದ ಬಾಲ್ಕನಿಗೆ ನಡೆದಳು. ಐದನೇ ವಾರ ಹದಿನೆಂಟು ಮೆಟ್ಟಿಲಿಳಿದು, ಅಲ್ಲಿ ಸ್ವಲ್ಪ ಹೊತ್ತು ಕೂತು, ವಾಪಸ್ಸು ಹತ್ತಿದಳು. ಆ ವಾರದ ಕೊನೆಗೆ, ಒಂದು ಸಂಜೆ ಗಿರಣಿಯಣ್ಣ ಸೈಕಲ್ ತಳ್ಳಿಕೊಂಡು ಗೇಟಿನೊಳಗೆ ಬಂದರೆ, ಬೆಂಚಿನ ಎಡತುದಿಯಲ್ಲಿ ಅಕ್ಕ. ಹೊಸ ಸೊಸೆ ನಿಂತಿದ್ದಳು.

"ಏನೋ ಹಾಗೆ ಬಾಯಿ ಬಿಟ್ಕೊಂಡು ನಿಂತೆ, ಹೋಗಿ ಹಾಲಿಡು ಒಲೆ ಮೇಲೆ," ಎಂದಳು ಅಕ್ಕ, ಇಡೀ ಸಭೆಗೆ ಕೇಳುವ ಹಾಗೆ.

ಅವನು ಐವತ್ತನಾಲ್ಕು ಮೆಟ್ಟಿಲು ಹತ್ತಿ ಹಾಲಿಟ್ಟ. ಆ ಸಂಜೆ ಬೂಟು ಬಿಚ್ಚಲು ಹತ್ತು ನಿಮಿಷ ಬೇಕಾಗಲಿಲ್ಲ.

ತೊಂದರೆ ಶುರುವಾದದ್ದು ಒಂದು ಬಾಳೆಹಣ್ಣಿನಿಂದ. ಆರನೇ ವಾರದಲ್ಲಿ ಒಂದು ಕ್ಯಾಪ್ಸೂಲು ಅಕ್ಕನ ಗಂಟಲಲ್ಲಿ ಸಿಕ್ಕಿಕೊಂಡಿತು. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು. ಮರುದಿನದಿಂದ ಅವಳು ಕ್ಯಾಪ್ಸೂಲನ್ನು ಬಿಚ್ಚಿ, ಪುಡಿಯನ್ನು ಹಿಸುಕಿದ ಬಾಳೆಹಣ್ಣಿಗೆ ಉದುರಿಸಿ ತಿನ್ನತೊಡಗಿದಳು. ಬೆಳಗಿನ ಬಿಸಿಲು ಅಡುಗೆಮನೆಯ ಕಿಟಕಿಯಿಂದ ನೇರ ಮೇಜಿನ ಮೇಲೆ ಬೀಳುತ್ತಿತ್ತು. ಗಿರಣಿಯಣ್ಣ ಎದುರಿಗೆ ಕೂತು ಟೀ ಕುಡಿಯುತ್ತಿದ್ದ. ಅಕ್ಕ ಕ್ಯಾಪ್ಸೂಲಿನ ಎರಡು ತುದಿ ಹಿಡಿದು ತಿರುವಿದಳು. ಕಂದು ಧೂಳು ಬಿಸಿಲಲ್ಲಿ ಎದ್ದು, ಸುತ್ತಿ, ನಿಧಾನವಾಗಿ ಅವನ ಮುಖದ ಕಡೆ ಬಂತು.

ಅವನು ಕಪ್ಪು ಕೆಳಗಿಟ್ಟು ಸೀನಲು ಸಿದ್ಧನಾದ. ಮೂವತ್ತೊಂದು ವರ್ಷದ ಅಭ್ಯಾಸ. ಕಣ್ಣು ತಾನಾಗಿ ಮುಚ್ಚಿಕೊಂಡಿತು.

ಸೀನು ಬರಲಿಲ್ಲ.

ಅವನು ಮೇಜಿನ ಮೇಲೆ ಬಗ್ಗಿ, ಬಾಳೆಹಣ್ಣಿನ ತಟ್ಟೆಗೆ ಮೂಗು ತಗಲುವಷ್ಟು ಹತ್ತಿರ ಹೋಗಿ, ಜೋರಾಗಿ ಎಳೆದುಕೊಂಡ. ಏನೂ ಇಲ್ಲ.

"ನಿಂಗೂ ಬೇಕಿದ್ರೆ ಬೇರೆ ಹಣ್ಣು ತಗೋ. ನನ್ನ ತಟ್ಟೆ ಯಾಕೋ ಮೂಸ್ತೀಯಾ?" ಎಂದಳು ಅಕ್ಕ.

ಮೂಗಿಗೇ ಶೀತವಾಗಿರಬೇಕು ಎಂದು ಅವನು ಸಮಾಧಾನ ಮಾಡಿಕೊಂಡು ಕೆಲಸಕ್ಕೆ ಹೋದ. ಷೆಡ್ಡಿನ ಮೊದಲ ಚೀಲ ಬಿಚ್ಚಿದ: ಮೂರು ಸೀನು. ಎರಡನೇ ಚೀಲ: ಎರಡು. ತೊಳೆಯುವಮ್ಮ ಆ ಚೀಲವನ್ನು ಬಿಸಿಲಿಗೆ ಎಳೆದಳು. ಮಧ್ಯಾಹ್ನ ಮತ್ತೆ ತಂದಳು: ಮೂರು. ಮೂಗು ಗಡಿಯಾರದಂತೆ ನಡೆಯುತ್ತಿತ್ತು. ವಿಜ್ಞಾನಿಗಳ ನಡುವೆ ಮೂವತ್ತೊಂದು ವರ್ಷ ಬದುಕಿದವನು, ಮರುದಿನ ಬೆಳಿಗ್ಗೆ ಮತ್ತೆ ಪರೀಕ್ಷೆ ಮಾಡಿದ. ಅದರ ಮರುದಿನವೂ. ಅಡುಗೆಮನೆಯಲ್ಲಿ ಮೂರು ದಿನವೂ ಮೌನ. ಷೆಡ್ಡಿನಲ್ಲಿ ಮೂರು ದಿನವೂ ಮೂರು ಸೀನು. ಇನ್ನು ಅನುಮಾನಕ್ಕೆ ಎಡೆಯಿರಲಿಲ್ಲ. ಮೂಗು ಮೌನ ತಾಳಿದರೆ ಒಳಗಿರುವುದು ಪಾಚಿಯಲ್ಲ. ಅಕ್ಕನನ್ನು ಐವತ್ತನಾಲ್ಕು ಮೆಟ್ಟಿಲು ಇಳಿಸಿದ್ದು ಬಣ್ಣದ ಹಿಟ್ಟು.

ಆ ಕ್ಷಣವೇ ಅವನು ಲಕೋಟೆ ನರ್ಸಿನ ಹತ್ತಿರ ಹೋಗಬೇಕಿತ್ತು. ಹೋಗಲಿಲ್ಲ. ಹೋದರೆ ಅಕ್ಕನನ್ನು ಪ್ರಯೋಗದಿಂದ ತೆಗೆಯುತ್ತಾರೆ, ಕ್ಯಾಪ್ಸೂಲು ನಿಲ್ಲುತ್ತದೆ, ಅಕ್ಕ ಮತ್ತೆ ಬಾಲ್ಕನಿಗೆ. ಹಿಟ್ಟಾದರೆ ಹಿಟ್ಟು, ಕೆಲಸ ಮಾಡುತ್ತಿದೆಯಲ್ಲ. ಹೀಗೆಂದುಕೊಂಡು ಅವನು ಬಾಯಿಗೆ ಬೀಗ ಹಾಕಿಕೊಂಡ. ಚೀಲ ಹೊತ್ತು ಅಭ್ಯಾಸವಿದ್ದವನಿಗೆ ಈ ಗುಟ್ಟು ಚೀಲಕ್ಕಿಂತ ಭಾರವೆನಿಸಿತು. ಚೀಲವನ್ನಾದರೆ ಊಟದ ಹೊತ್ತಿಗೆ ಕೆಳಗಿಡಬಹುದಿತ್ತು.

ಇತ್ತ ಬೆಂಚಿನ ಮೇಲೆ ಪಾಚಿಯ ಪುರಾಣ ನಡೆಯುತ್ತಿತ್ತು. ಕೆಳಮನೆ ಟೀಚರ್ ನಿವೃತ್ತರಾದ ಮೇಲೆ ಮಕ್ಕಳಿಗೆ ಹೇಳುವುದನ್ನೆಲ್ಲ ಕಟ್ಟಡಕ್ಕೆ ಹೇಳುತ್ತಿದ್ದರು. ಫೋನಿನಲ್ಲಿ ಓದಿ ದಿನಕ್ಕೊಂದು ಗುಣ ಕಂಡುಹಿಡಿಯುವರು. ಕಂದು ಪಾಚಿ ಊತಕ್ಕೆ ಒಳ್ಳೆಯದು, ಸಕ್ಕರೆ ಕಾಯಿಲೆಗೆ ಒಳ್ಳೆಯದು, ಹೊಟ್ಟೆ ಕರಗಿಸುತ್ತದೆ, ಕೂದಲು ಬೆಳೆಸುತ್ತದೆ. ಎರಡನೇ ಮಹಡಿಯ ಬೋಳುತಲೆಯ ಮಾವನೊಬ್ಬ ಗಿರಣಿಯಣ್ಣನನ್ನು ಮೆಟ್ಟಿಲಲ್ಲಿ ನಿಲ್ಲಿಸಿ, ಒಂದು ಹಿಡಿ ಪುಡಿ ತಂದುಕೊಡು ಎಂದು ಗೋಗರೆದ.

"ಚೀಲದ ಪುಡಿ ತಿನ್ನೋ ಹಾಗಿಲ್ಲ ಮಾವ. ಅಯೋಡಿನ್ ಜಾಸ್ತಿ, ಇನ್ನೂ ಏನೇನೋ ಇರುತ್ತಂತೆ. ಗಂಟಲ ಗ್ರಂಥಿ ಕೆಡುತ್ತೆ."

"ನಿನ್ನ ಕೂದ್ಲು ಇದೆಯಲ್ಲೋ."

"ನಮ್ಮಪ್ಪಂಗೂ ಇತ್ತು. ಅವ್ರು ಸಮುದ್ರಾನೇ ನೋಡಿರ್ಲಿಲ್ಲ."

ಎಂಟನೇ ವಾರದಲ್ಲಿ ಒಂದು ಭಾನುವಾರ ಬೆಳಿಗ್ಗೆ ಗಿರಣಿಯಣ್ಣ ಉಗುರು ಕತ್ತರಿಸುವ ಕತ್ತರಿ ಹುಡುಕುತ್ತ ಅಕ್ಕನ ಔಷಧಿ ಡಬ್ಬಿ ತೆಗೆದ. ರಕ್ತದೊತ್ತಡದ ಮಾತ್ರೆಯ ಹಾಳೆ ಕಣ್ಣಿಗೆ ಬಿತ್ತು. ಅಕ್ಕ ಮಾತ್ರೆ ತೆಗೆದ ಗುಳಿಯನ್ನು ಕತ್ತರಿಸಿ ಎಸೆಯುವವಳು. ಹಾಳೆ ದಿನದಿನಕ್ಕೆ ಸಣ್ಣದಾಗುತ್ತ ಹೋಗಬೇಕು. ಈ ಹಾಳೆ ಪೂರ್ತಿಯಿತ್ತು. ಅದರ ಕೆಳಗೆ ಇನ್ನೊಂದು, ಅರ್ಧದಲ್ಲಿ ನಿಂತದ್ದು.

"ಅಕ್ಕಾ, ಇದೇನಿದು?"

"ಯಾವ್ದು? ಓ ಅದಾ. ಎರಡು ವಾರ ಆಯ್ತು ಬಿಟ್ಟು."

"ಯಾಕೆ?"

"ಸಮುದ್ರದ ಸೊಪ್ಪು ಪ್ರೆಶರ್ರೂ ಇಳಿಸುತ್ತಂತೆ. ಟೀಚರ್ ಓದಿ ಹೇಳಿದ್ರು. ಒಂದೇ ಕೆಲ್ಸಕ್ಕೆ ಇಬ್ಬರನ್ನ ಯಾಕೆ ಇಟ್ಕೊಳ್ಬೇಕು?" ಅಕ್ಕ ಬಟ್ಟೆ ಮಡಿಸುತ್ತಿದ್ದಳು. "ಮಂಡೀನೇ ಸರಿ ಮಾಡಿದ್ದು ಅದನ್ನ ಮಾಡಲ್ವಾ? ತಲೆ ಒಂದು ಸ್ವಲ್ಪ ಭಾರ ಇದೆ ಅಷ್ಟೇ. ಇಳಿಯುವಾಗ ಹಾಗೇ ಆಗುತ್ತಂತೆ."

"ಅದೂ ಟೀಚರ್ ಹೇಳಿದ್ದಾ?"

"ಅದು ನಾನೇ ಹೇಳ್ಕೊಂಡಿದ್ದು."

ಅವರ ಅಪ್ಪ ಒಂದು ದಿನ ಸ್ನಾನ ಮುಗಿಸಿ ಬಂದು, ತಲೆ ಭಾರ ಎಂದು ಕೂತವರು ಕೂತಲ್ಲಿಂದ ಏಳಲಿಲ್ಲ. ಅದು ಅಕ್ಕನಿಗೂ ನೆನಪಿತ್ತು, ಅವನಿಗೂ ನೆನಪಿತ್ತು. ಮಾತ್ರೆ ತಗೋ ಎಂದ. ಸಾಯಂಕಾಲ ನೋಡ್ತೀನಿ ಎಂದಳು. ಈಗಲೇ ತಗೋ ಎಂದ. ಮಗುವಿಗೆ ಹೇಳಿದ ಹಾಗೆ ಹೇಳಬೇಡ, ನಿನ್ನ ಮೂಗು ಒರೆಸಿದವಳು ನಾನು ಎಂದಳು. ಅವನು ಗೋಡೆಗೆ ಒರಗಿದ. ಬಲಭುಜ ನೋಯುತ್ತಿತ್ತು, ಕಿವಿಯಲ್ಲಿ ಗಿರಣಿ ತಿರುಗುತ್ತಿತ್ತು. ವಾದ ಮಾಡುವ ಶಕ್ತಿ ಅವನಲ್ಲಿ ಎಂದೂ ಇರಲಿಲ್ಲ. ಅಕ್ಕನೆದುರು ಅಂತೂ ಹುಟ್ಟಿದಾಗಿನಿಂದ ಇರಲಿಲ್ಲ. ಅವನ ಬಳಿ ಇದ್ದ ಆಯುಧ ಒಂದೇ.

"ಅಕ್ಕ, ಅದರಲ್ಲಿ ಸೊಪ್ಪಿಲ್ಲ."

"ಯಾವುದರಲ್ಲಿ?"

"ನಿನ್ನ ಕ್ಯಾಪ್ಸೂಲಲ್ಲಿ. ಬರೀ ಹಿಟ್ಟು. ಬಾಳೆಹಣ್ಣಿಗೆ ಹಾಕ್ತಿದ್ಯಲ್ಲ, ಆವಾಗ ನೋಡ್ದೆ. ಮೂರು ದಿನ ನೋಡ್ದೆ. ನಂಗೆ ಸೀನು ಬರ್ಲಿಲ್ಲ."

ಅಕ್ಕನ ಕೈಯಲ್ಲಿದ್ದ ಅಂಗಿ ಅರ್ಧ ಮಡಿಕೆಯಲ್ಲಿ ನಿಂತಿತು. ಬೇರೆ ಯಾರಾದರೂ ಹೇಳಿದ್ದರೆ ಅವಳು ನಗುತ್ತಿದ್ದಳು. ಆದರೆ ಆ ಮೂಗಿನ ಕಥೆಯನ್ನು ಬೆಂಚಿನ ಮೇಲೆ ನೂರು ಸಲ ಹೇಳಿದವಳು ಅವಳೇ. ಮೀಟರಿನ ಸೋಲನ್ನು ಅವಳಷ್ಟು ರಸವತ್ತಾಗಿ ಕೇಂದ್ರದಲ್ಲೂ ಯಾರೂ ಹೇಳುತ್ತಿರಲಿಲ್ಲ.

ಅಂಗಿಯನ್ನು ಮಡಿಸಿ ಮುಗಿಸಿದಳು. ಎದ್ದು ಹೋಗಿ, ನೀರು ಬಗ್ಗಿಸಿಕೊಂಡು, ರಕ್ತದೊತ್ತಡದ ಮಾತ್ರೆ ನುಂಗಿದಳು. ಗುಳಿಯನ್ನು ಕತ್ತರಿಸಿ ಎಸೆದಳು. ಆಮೇಲೆ ಕುರ್ಚಿಯ ತೋಳಿಗೆ ಕೈಕೊಟ್ಟು, ಎಂಟು ತಿಂಗಳು ಕೂರುತ್ತಿದ್ದ ಹಾಗೆ, ಎರಡು ಕಂತಿನಲ್ಲಿ ಕೂತಳು.

ಮರುದಿನ ಬೆಳಿಗ್ಗೆ ಗಿರಣಿಯಣ್ಣ ಲಕೋಟೆ ನರ್ಸಿನ ಮುಂದೆ ನಿಂತು ಎಲ್ಲ ಒಪ್ಪಿಸಿದ. ಆಕೆ ಅವನನ್ನೂ ಅವನ ಮೂಗನ್ನೂ ಬೇರೆ ಬೇರೆಯಾಗಿ ನೋಡಿದಳು.

"ಎರಡು ವಾರ ಸುಮ್ನಿದ್ರಾ?"

"ಹೂಂ."

"ಈಗ ಹೇಳ್ಬಿಟ್ರಾ?"

"ಹೂಂ."

"ಎರಡೂ ಉಲ್ಟಾ ಮಾಡಿದೀರಿ. ನನ್ನ ಹತ್ರ ಹೇಳ್ಬೇಕಿತ್ತು, ಅಕ್ಕನ ಹತ್ರ ಸುಮ್ನಿರ್ಬೇಕಿತ್ತು." ಆಕೆ ಒಂದು ಫಾರಂ ತೆಗೆದು ಬರೆಯತೊಡಗಿದಳು. ಬರೆಯುತ್ತ ಮಧ್ಯದಲ್ಲಿ ಪೆನ್ನು ನಿಲ್ಲಿಸಿ, "ಮಾತ್ರೆ ಶುರು ಮಾಡಿದ್ರಾ?" ಎಂದಳು. ಮಾಡಿದಳು ಎಂದಾಗ ಪೆನ್ನು ಮುಂದೆ ಹೋಯಿತು. ಮಧ್ಯಾಹ್ನ ತಾನೇ ಮನೆಗೆ ಬಂದು ಅಕ್ಕನ ತೋಳಿಗೆ ಪಟ್ಟಿ ಸುತ್ತಿದಳು. ನೂರಾ ಎಂಬತ್ತೆರಡು. ಪಟ್ಟಿ ಬಿಚ್ಚಿ, ಮತ್ತೆ ಸುತ್ತಿ, ಮತ್ತೆ ನೋಡಿದಳು. ಅಲ್ಲಿಂದಲೇ ಡಾಕ್ಟರಿಗೆ ಫೋನ್ ಮಾಡಿದಳು.

ಅಕ್ಕನ ಲೆಕ್ಕ ಅಂದಿನಿಂದ ಪ್ರಯೋಗದಲ್ಲಿ ಬೇರೆ ಇಡಲಾಯಿತು. ಯಾರಿಗೆ ಯಾವುದೆಂದು ಮೇಡಂಗೆ ಗೊತ್ತಾಗಬಾರದಾದ್ದರಿಂದ ನರ್ಸ್ ಮೂಗಿನ ವಿಷಯವನ್ನು ಫಾರಂನಲ್ಲೇ ಮುಚ್ಚಿಟ್ಟಳು. ಕ್ಯಾಪ್ಸೂಲು ನಿಲ್ಲಿಸಬೇಕಿಲ್ಲ, ಬೇಕಾದರೆ ತಗೊಳ್ಳಬಹುದು ಎಂದರು ಬಹುದು ಮೇಡಂ. ಅಕ್ಕ ತಗೊಂಡಳು. ದಿನಕ್ಕೆರಡು, ಬಾಳೆಹಣ್ಣಿನಲ್ಲಿ. "ಹಾಕಿದ ಸಹಿಗೆ ಮರ್ಯಾದೆ ಬೇಡ್ವಾ," ಎಂದಳು. ಆದರೆ ಮೆಟ್ಟಿಲ ಹತ್ತಿರ ಹೋಗಲಿಲ್ಲ. ವಾರ ಕಳೆಯುವುದರೊಳಗೆ ಗೋಡೆ ಹಿಡಿದು ನಡೆಯತೊಡಗಿದಳು. ಹತ್ತನೇ ವಾರ ಮಂಡಿಗೆ ಬಿಸಿನೀರಿನ ಚೀಲ ವಾಪಸ್ಸು ಬಂತು. ಸಂಜೆ ಬಾಲ್ಕನಿಯಲ್ಲಿ ನಿಂತವಳು ಕೆಳಗೆ ಯಾರು ಎಲ್ಲಿ ಕೂತಿದ್ದಾರೆಂದು ನೋಡುತ್ತಿರಲಿಲ್ಲ; ಎದುರಿನ ಕಟ್ಟಡದ ನೀರಿನ ಟ್ಯಾಂಕನ್ನು ನೋಡುತ್ತಿದ್ದಳು. ತಮ್ಮನ ಮೇಲೆ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವನಿಗೆ ಹಗುರಾಗುತ್ತಿತ್ತು.

ಅವನು ಮತ್ತೆ ಬೂಟು ನೋಡುತ್ತ ಕೂರತೊಡಗಿದ, ಈ ಸಲ ಕಾಲು ಗಂಟೆ.

ಪ್ರಯೋಗ ಮುಗಿದು ಎರಡು ತಿಂಗಳ ಮೇಲೆ ಕೇಂದ್ರದ ಹಾಲ್‌ನಲ್ಲಿ ಸಭೆ ಕರೆದರು. ಎಂಬತ್ತು ಜನ, ನೂರ ಅರವತ್ತು ಮಂಡಿ. ಅಕ್ಕ ಮತ್ತೆ ಕುರ್ಚಿಯಲ್ಲೇ ಇಳಿದು ಬಂದಳು. ಬಹುದು ಮೇಡಂ ಪರದೆಯ ಮೇಲೆ ಎರಡು ಗೆರೆ ತೋರಿಸಿದರು. ಹಿಟ್ಟು ತಿಂದವರಿಗೂ ನೋವು ಇಳಿದಿತ್ತು. ಸಾರ ತಿಂದವರಿಗೆ ಅದಕ್ಕಿಂತ ಒಂದು ಕೂದಲೆಳೆ ಜಾಸ್ತಿ ಇಳಿದಿತ್ತು.

"ಈ ಕೂದಲೆಳೆ ಪಾಚಿಯದ್ದಿರಬಹುದು. ಆಕಸ್ಮಿಕವೂ ಇರಬಹುದು," ಎಂದರು ಮೇಡಂ. "ಇನ್ನೂ ದೊಡ್ಡ ಪ್ರಯೋಗ ಬೇಕಾಗಬಹುದು." ಆಕೆಯ ಕಣ್ಣ ಕೆಳಗೆ ಕಪ್ಪಾಗಿತ್ತು. ಮೂವತ್ತು ವರ್ಷಕ್ಕೆ ಒಂದು ಕೂದಲೆಳೆ. ಗಿರಣಿಯಣ್ಣನಿಗೆ ಮೊದಲ ಸಲ ಆಕೆಯೂ ತನ್ನ ಹಾಗೆಯೇ ಚೀಲ ಹೊರುವವಳು ಎನಿಸಿತು.

ನರ್ಸ್ ಎಲ್ಲರೆದುರು ಬೀರು ತೆಗೆದು, ಲೆಕ್ಕ ಹಾಕಲೆಂದು ಹಿಂದಿನ ವಾರವೇ ಒಡೆದಿದ್ದ ಲಕೋಟೆಯಿಂದ ಒಬ್ಬೊಬ್ಬರಿಗೂ ಒಂದು ಚೀಟಿ ಕೊಟ್ಟಳು. ಅಕ್ಕ ಚೀಟಿ ಬಿಚ್ಚಿದಳು. ಓದಿದಳು. ಕನ್ನಡಕ ಒರೆಸಿ ಮತ್ತೆ ಓದಿದಳು. ಆಮೇಲೆ ಅದನ್ನು ತಮ್ಮನಿಗೆ ಕೊಟ್ಟಳು.

ಕಂದು ಕಡಲಪಾಚಿಯ ಸಾರ, ಎಂದಿತ್ತು.

ಗಿರಣಿಯಣ್ಣ ಚೀಟಿ ಹಿಡಿದುಕೊಂಡು ನೇರ ಮೇಡಂ ಹತ್ತಿರ ಹೋದ. ಅವನು ಯಾವುದಕ್ಕೂ ಹಾಗೆ ಹೋದವನಲ್ಲ.

"ನಂಗೆ ಸೀನು ಬರ್ಲಿಲ್ಲ ಮೇಡಂ. ಮೂರು ದಿನ ನೋಡಿದೆ."

ಮೇಡಂ ಅವನನ್ನು ದಿಟ್ಟಿಸಿ ನೋಡಿದರು. "ಹೇಗೆ ಬರುತ್ತೆ? ನೀವು ಅರೆದ ಪುಡೀನ ನಾವು ಮೊದಲು ಸ್ಪಿರಿಟ್ಟಲ್ಲಿ ನೆನೆಸಿ ತೊಳೀತೀವಿ. ವಾಸನೆ, ಖಾರ ಎಲ್ಲ ಅಲ್ಲೇ ಹೋಗುತ್ತೆ. ಆಮೇಲೆ ಬಿಸಿನೀರು, ಆಮೇಲೆ ಸೋಸೋದು, ಆಮೇಲೆ ಒಣಗಿಸೋದು. ನಿಮಗೆ ಸೀನು ಬರಿಸೋದನ್ನ ನಾವು ಮೊದಲ್ನೇ ದಿನವೇ ಮೋರಿಗೆ ಚೆಲ್ತೀವಿ." ಇಷ್ಟು ಮಾತಿನಲ್ಲಿ ಒಂದು ಬಹುದೂ ಇರಲಿಲ್ಲ. ಅದು ಆಕೆಗೂ ಗೊತ್ತಾಗಿ ಸ್ವಲ್ಪ ಮುಜುಗರವಾದಂತೆ ಕಂಡಿತು. "ಮೂವತ್ತೊಂದು ವರ್ಷದಲ್ಲಿ ನೀವು ಒಂದು ಸಲಾನೂ ಒಳಗೆ ಬಂದು ನೋಡಿಲ್ವಾ?"

"ಒಳಗೆ ಬರೋಕೆ ಬೂಟು ಬಿಚ್ಬೇಕು ಮೇಡಂ."

ಆಟೋದಲ್ಲಿ ಅಕ್ಕ ತಮ್ಮನ ಕೈಯಿಂದ ಚೀಟಿ ತಗೊಂಡು ಇನ್ನೊಮ್ಮೆ ಓದಿದಳು. ಗೇಟಿನ ಹತ್ತಿರ ಇಳಿದಾಗ ಸಂಜೆಯಾಗಿತ್ತು. ಬೆಂಚಿನವರೆಲ್ಲ ಕತ್ತೆತ್ತಿ ನೋಡಿದರು. ಕುರ್ಚಿ ತರುತ್ತೇನೆಂದು ಗಿರಣಿಯಣ್ಣ ಹೊರಟ.

"ಬೇಡ," ಎಂದಳು ಅಕ್ಕ. ಕಂಬಿ ಹಿಡಿದು ಮೊದಲ ಮೆಟ್ಟಿಲಿಗೆ ಕಾಲಿಟ್ಟಳು. ಅವನು ಒಂದು ಮೆಟ್ಟಿಲು ಹಿಂದೆ, ಬಿದ್ದರೆ ಹಿಡಿಯುವ ಹಾಗೆ ಕೈ ಚಾಚಿಕೊಂಡು ಹತ್ತಿದ. ಹದಿನೆಂಟಕ್ಕೆ ನಿಂತಳು, ಉಸಿರು ಬಿಟ್ಟಳು, ಮತ್ತೆ ಹತ್ತಿದಳು. ಎರಡನೇ ತಿರುವಿನಲ್ಲಿ, ಮೂವತ್ತಾರನೇ ಮೆಟ್ಟಿಲಿನ ಮೇಲೆ ಕೂತುಬಿಟ್ಟಳು. ಅವನೂ ಒಂದು ಮೆಟ್ಟಿಲು ಕೆಳಗೆ ಕೂತ. ಇಬ್ಬರ ಮಂಡಿಗಳೂ ಒಂದೇ ಸಲ ಲಟಕ್ಕೆಂದವು.

"ನೋವಿದೆಯಾ?" ಎಂದ.

"ಇದೆ." ಮಂಡಿಯನ್ನೊಮ್ಮೆ ಒತ್ತಿ ನೋಡಿ, "ಇರಬಹುದು," ಎಂದಳು.

ಕೆಳಗೆ ಬೆಂಚಿನಿಂದ ಯಾರೋ ನಕ್ಕದ್ದು ಕೇಳಿಸಿತು. ಅಕ್ಕ ಆ ಕಡೆ ಕಿವಿಗೊಟ್ಟಳು; ನಕ್ಕದ್ದು ಯಾರು, ಯಾವ ವಿಷಯಕ್ಕೆ ಎಂದು ಲೆಕ್ಕ ಹಾಕುತ್ತಿರುವುದು ಅವಳ ಮುಖದಲ್ಲಿ ಕಾಣುತ್ತಿತ್ತು. ಆಮೇಲೆ ತಮ್ಮನ ಕಡೆ ತಿರುಗಿದಳು.

"ನಿನ್ನ ಮಾತು ಕೇಳಿ ಪ್ರೆಶರ್ ಮಾತ್ರೆ ತಗೊಂಡೆ, ಅದು ಒಳ್ಳೇದಾಯ್ತು. ಅದೇ ಮಾತು ಕೇಳಿ ಮೆಟ್ಟಿಲು ಬಿಟ್ಟೆ. ನಿನ್ನ ಬೈಬೇಕೋ ಹೊಗಳಬೇಕೋ ನಂಗೇ ಗೊತ್ತಾಗ್ತಿಲ್ಲ. ಅಲ್ಲ ಕಣೋ, ಮೂವತ್ತೊಂದು ವರ್ಷದ ಮೂಗು. ಮೀಟರನ್ನೇ ಮನೆಗೆ ಕಳಿಸಿದ ಮೂಗು. ಆವತ್ತು ನನ್ನ ತಟ್ಟೆಗೇ ತಗಲೋ ಹಾಗೆ ಬಗ್ಗಿ ನೋಡ್ತು. ಅಷ್ಟು ಹತ್ರ ಹೋಗಿ ಅದು ನಿಂಗೆ ಏನಂತ ಹೇಳ್ತು?"

ಗಿರಣಿಯಣ್ಣ ಬೂಟಿನ ದಾರ ಸಡಿಲಿಸಿದ.

"ಅದೇನೂ ಹೇಳ್ಲಿಲ್ಲ ಅಕ್ಕ," ಎಂದ. "ಹೇಳಿದ್ದು ನಾನು."